ಹಲ್ಲಿನ ಕ್ಯಾಪ್, ಸೆಟ್ಟಿನ ಲೋಹ ಕರಗುವುದು ಎಲ್ಲಿ, ಏಕೆ?

ಕಳಚಿ ಹಾಕುವ ಹಲ್ಲಿನ ಸೆಟ್ಟಿನ ಕೋಬಾಲ್ಟ್-ಕ್ರೋಮಿಯಂ ಚೌಕಟ್ಟು ಬಾಯಲ್ಲಿ ವರ್ಷಗಟ್ಟಲೆ ಹೊಳೆಯುತ್ತಲೇ ಇರುತ್ತದೆ. ಅದರಲ್ಲಿ ಸುಮಾರು ಶೇ. 60 ಕೋಬಾಲ್ಟ್, ಶೇ. 25ರಿಂದ 30 ಕ್ರೋಮಿಯಂ, ಶೇ. 5ರ ಆಸುಪಾಸು ಮಾಲಿಬ್ಡಿನಂ. ಅದನ್ನು ಕಾಯುವುದು ಮೈಮೇಲಿನ ಕೆಲವೇ ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪದರ. ಗೀರು ಬಿದ್ದರೂ ಆಮ್ಲಜನಕ ಸಿಕ್ಕಿದೊಡನೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ.

ಕಷ್ಟ ಇರುವುದು ಆಮ್ಲಜನಕ ತಲುಪದ ಕಡೆ: ಸೆಟ್ಟನ್ನು ಹಿಡಿದಿಡುವ ಕೊಕ್ಕೆ (ಕ್ಲಾಸ್ಪ್) ಹಲ್ಲಿಗೆ ತಾಗುವ ಸಂದು, ಕ್ಯಾಪ್ ಅಂಚಿನಡಿಯ ಪ್ಲಾಕ್ (ಹಲ್ಲಿಗಂಟುವ ಪಾಚಿ), ಎರಕದಲ್ಲಿ ಉಳಿದ ಸೂಜಿರಂಧ್ರ. ಅಲ್ಲಿ ಕರಗಿದ ಲೋಹದ ಅಯಾನುಗಳು ಜೊಲ್ಲಿನ ಕ್ಲೋರೈಡನ್ನು ಒಳಗೆಳೆದು, ನೀರಿನೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತವೆ. ಹೊರಗೆ ಥಳಥಳ, ಒಳಗೆ ಗುಳಿ.

ಅಗ್ಗದ ಕ್ಯಾಪ್‌ಗಳ ನಿಕ್ಕಲ್-ಕ್ರೋಮಿಯಂ ಹೆಚ್ಚು ಎಚ್ಚರ ಬೇಡುವ ಲೋಹ. ಕ್ರೋಮಿಯಂ ಶೇ. 20 ದಾಟಿ, ಜೊತೆಗೆ ಮಾಲಿಬ್ಡಿನಂ ಇದ್ದರೆ ಚೆನ್ನಾಗಿ ತಾಳುತ್ತದೆ, ಶೇ. 12-14 ಇದ್ದರೆ ಪದರವೇ ದುರ್ಬಲ. ಎರಕ ತೆಳು ಅಂಚಿಗೂ ಹರಿಯಲೆಂದು ಹಿಂದೆ ಬೆರಿಲಿಯಂ ಸೇರಿಸುತ್ತಿದ್ದರು. ನಿಕ್ಕಲ್-ಬೆರಿಲಿಯಂ ಭಾಗವೇ ಮೊದಲು ಕರಗುತ್ತಿತ್ತು. ಈಗ ಹಲ್ಲಿನ ಲೋಹಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 22674 ಪ್ರಕಾರ ಬೆರಿಲಿಯಂ ಶೇ. 0.02 ಮೀರುವಂತಿಲ್ಲ. ಲೋಹವನ್ನು 37 ಡಿಗ್ರಿ ಸೆಲ್ಸಿಯಸ್‌ನ ಲ್ಯಾಕ್ಟಿಕ್ ಆಮ್ಲ-ಉಪ್ಪಿನ ದ್ರಾವಣದಲ್ಲಿ 7 ದಿನ ಇಟ್ಟಾಗ, ಪ್ರತಿ ಚದರ ಸೆಂ.ಮೀ.ಗೆ 200 ಮೈಕ್ರೋಗ್ರಾಂಗಿಂತ ಹೆಚ್ಚು ಕರಗಕೂಡದು.

ಆದರೆ ಪರೀಕ್ಷೆ ಪಾಸಾದ ಲೋಹವನ್ನೂ ಲ್ಯಾಬ್ ಕೆಡಿಸಬಲ್ಲದು. ಅಸಿಟಿಲೀನ್ ಹೆಚ್ಚಾದ ಜ್ವಾಲೆಯಲ್ಲಿ ಕರಗಿಸಿದರೆ ಇಂಗಾಲ ಸೇರಿ ಕ್ರೋಮಿಯಂ ಕಾರ್ಬೈಡ್ ಆಗುತ್ತದೆ. ಸುತ್ತಲಿನ ಲೋಹಕ್ಕೆ ಕ್ರೋಮಿಯಂ ಕೊರತೆ. ಎರಕದಲ್ಲಿ ಉಳಿದ ಲೋಹದ ಗಟ್ಟಿಗಳನ್ನು (ಬಟನ್) ಹೊಸ ಲೋಹ ಬೆರೆಸದೆ ಮತ್ತೆ ಮತ್ತೆ ಕರಗಿಸುವುದೂ ಉಳಿತಾಯವಲ್ಲ, ರೋಗಿಗೆ ವರ್ಗಾಯಿಸಿದ ಖರ್ಚು. ಕ್ಯಾಪ್ ಲೋಹದ ಮೇಲೆ ಹಲ್ಲಿನ ಬಣ್ಣದ ಪೋರ್ಸಲೇನ್ (ಪಿಂಗಾಣಿ) ಹಚ್ಚಿ ಸುಟ್ಟ ಮೇಲೆ ತೆರೆದ ಅಂಚಿನಲ್ಲಿ ಕಪ್ಪು ಆಕ್ಸೈಡ್ ಉಳಿಯುತ್ತದೆ. ಅದರಡಿಯ ಲೋಹದಲ್ಲಿ ಕ್ರೋಮಿಯಂ ತಗ್ಗಿರುತ್ತದೆ. ಆ ಪಟ್ಟಿಯನ್ನು ಕಲ್ಲು, ಆಮೇಲೆ ರಬ್ಬರ್ ಚಕ್ರ, ಕೊನೆಗೆ ಪೇಸ್ಟ್ ಹಚ್ಚಿದ ಬ್ರಷ್‌ನಿಂದ ಉಜ್ಜಲೇಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಇದೇ ಹಂತ.

ಮನೆಯಲ್ಲಿ ಲೋಹದ ಚೌಕಟ್ಟಿನ ಸೆಟ್ಟನ್ನು ಬ್ಲೀಚ್‌ನಲ್ಲಿ ನೆನೆಸಬೇಡಿ. ಹೈಪೋಕ್ಲೋರೈಟ್ ಗುಳಿ ತೋಡುತ್ತದೆ. ಮೃದು ಬ್ರಷ್, ಸೋಪುನೀರು ಸಾಕು. ನಕಲಿ ಆಭರಣದಿಂದ ಚರ್ಮ ತುರಿಸುವವರು ಕ್ಯಾಪ್‌ಗೆ ಅಳತೆ ಕೊಡುವ ಮೊದಲೇ ಹೇಳಿ, ನಿಕ್ಕಲ್ ಇಲ್ಲದ ಲೋಹ ಕೇಳಬೇಕು. ದವಡೆಯಲ್ಲಿ ಕೂರಿಸಿದ ಟೈಟಾನಿಯಂ ಇಂಪ್ಲಾಂಟ್‌ಗೆ ಮಾಮೂಲು ಟೂತ್‌ಪೇಸ್ಟ್ ಹಾನಿ ಮಾಡದು. ಕ್ಲಿನಿಕ್‌ನಲ್ಲಿ ಹಚ್ಚುವ ಶೇ. 1.23 ಫ್ಲೋರೈಡಿನ ಆಮ್ಲೀಯ ಜೆಲ್ ಮಾತ್ರ ಟೈಟಾನಿಯಂ ಮೈಮೇಲಿನ ಆಕ್ಸೈಡ್ ಪದರವನ್ನು ತಿನ್ನಬಲ್ಲದು. ಇಂಪ್ಲಾಂಟ್ ಇರುವವರಿಗೆ ಆಮ್ಲೀಯವಲ್ಲದ ಜೆಲ್ ಇದೆ.