ಪದ ಪರಿಚಯ: ವಿಂಡೋ ಡೆಕೊರೇಷನ್

ಕಳೆದ ವಾರ ಪರಿಚಯದ ಹುಡುಗನೊಬ್ಬ ಒಂದು ಪ್ರೋಗ್ರಾಂ ಕಳಿಸಿದ. ಲಿನಕ್ಸ್ ಪರದೆಯ ಮೂಲೆಯಲ್ಲಿ ಗಡಿಯಾರ ತೋರಿಸುವ ಪುಟ್ಟ ಪೈಥಾನ್ ಕೋಡ್. ಅವನ ದೂರು ಹೀಗಿತ್ತು: “ಡೆಕೊರೇಷನ್ ತೆಗೆದೆ ಸರ್. ಸುಮ್ನೆ ಚಂದಕ್ಕೆ ಇರೋದು ಅಲ್ವಾ ಅಂದ್ಕೊಂಡೆ. ಈಗ ಕ್ಲೋಸೂ ಆಗ್ತಿಲ್ಲ, ಎಳೆದ್ರೆ ಜರುಗ್ತಾನೂ ಇಲ್ಲ.” ಅದಕ್ಕೂ ಎರಡು ದಿನ ಮೊದಲು ಇನ್ನೊಬ್ಬರು ಬಟನ್‌ಗಳ ಬಣ್ಣ ಬದಲಿಸಿ “ವಿಂಡೋ ಡೆಕೊರೇಷನ್ ಬದಲಾಯಿಸಿದೆ” ಎಂದು ಬರೆದಿದ್ದರು. ಈ ಪದವನ್ನು ಒಮ್ಮೆ ಕೂತು ಬಿಡಿಸಲೇಬೇಕು ಅನ್ನಿಸಿತು.

ಬಟನ್ ಬಣ್ಣ, ಫಾಂಟ್, ಹಿನ್ನೆಲೆ ಚಿತ್ರ, ಇವೆಲ್ಲ ಥೀಮ್‌ಗೆ ಸೇರಿದ್ದು. ಡೆಕೊರೇಷನ್ ಅಂದರೆ ನಿಮ್ಮ ಪ್ರೋಗ್ರಾಂ ಚಿತ್ರ ಬರೆಯುವ ಜಾಗದ ಸುತ್ತ ಇರುವುದು: ಮೇಲಿನ ಟೈಟಲ್ ಬಾರ್, ಅದರಲ್ಲಿರುವ ಮುಚ್ಚುವ, ಕುಗ್ಗಿಸುವ, ಹಿಗ್ಗಿಸುವ ಗುಂಡಿಗಳು, ಹಿಡಿದು ಎಳೆದರೆ ಅಳತೆ ಬದಲಾಗುವ ನಾಲ್ಕು ಅಂಚುಗಳು. ಅಷ್ಟೇ.

ತಪ್ಪಿನ ಬೇರು ಪದದಲ್ಲೇ ಇದೆ. ಡೆಕೊರೇಷನ್ ಅಂದಕೂಡಲೇ ನಮಗೆ ಮದುವೆ ಮಂಟಪ ನೆನಪಾಗುತ್ತದೆ. ಹೂವು, ಸೀರಿಯಲ್ ಸೆಟ್, ಮರುದಿನ ಬಿಚ್ಚಿಡುವ ಸಾಮಾನು. ಆದರೆ ಪದ ಹುಟ್ಟಿದ ಕಡೆ ಹೋಗಿ ನೋಡಿ. ಲ್ಯಾಟಿನ್ನಿನ ‘ಡೆಕುಸ್’ ಎಂಬ ಪದದಿಂದ ಬಂದದ್ದು ಇದು. ಇಂಗ್ಲಿಷಿನ ‘ಡೀಸೆಂಟ್’, ‘ಡೆಕೋರಮ್’ ಎರಡೂ ಇದೇ ಮನೆತನದವು. ಆ ಬೇರಿನ ಅರ್ಥ ‘ತಕ್ಕದ್ದಾಗಿರು’ ಎಂದು. ಚಂದ ಅನ್ನುವ ಅರ್ಥ ಅದರ ಜೊತೆಗೆ ಬೆಳೆದದ್ದು.

ನಮ್ಮ ‘ಅಲಂಕಾರ’ವೂ ಹಾಗೇ. ಸಂಸ್ಕೃತದಲ್ಲಿ ‘ಅಲಂ’ ಅಂದರೆ ಸಾಕು, ಸಾಕಷ್ಟು, ತಕ್ಕಷ್ಟು. ‘ಕಾರ’ ಅಂದರೆ ಮಾಡುವುದು. ಹಾಗಾಗಿ ಅಲಂಕಾರ ಮೂಲದಲ್ಲಿ ಸಜ್ಜುಗೊಳಿಸುವುದು, ಕೆಲಸಕ್ಕೆ ಅಣಿಮಾಡುವುದು. ಅಚ್ಚಗನ್ನಡದ ‘ಒಪ್ಪ’ವನ್ನು ತೆಗೆದುಕೊಳ್ಳಿ. “ಈ ಸೀರೆ ನಿನಗೆ ಒಪ್ಪುತ್ತೆ” ಅಂತೀವಿ, “ಪಾತ್ರೆ ಒಪ್ಪವಾಗಿ ಜೋಡಿಸಿಡು” ಅಂತೀವಿ. ಹೊಂದುವುದು, ಅಂದವಾಗಿರುವುದು ಎರಡೂ ಒಂದೇ ಪದದಲ್ಲಿ. ಮೂರು ಭಾಷೆ, ಮೂರು ಪದ, ಮೂರರಲ್ಲೂ ಚಂದ ಹುಟ್ಟಿದ್ದು ತಕ್ಕದ್ದಾಗಿರುವುದರಿಂದ. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಆದರೂ ಕನ್ನಡದಲ್ಲಿ ಬರೆಯುವಾಗ ನಾನು ‘ವಿಂಡೋ ಅಲಂಕಾರ’ ಅನ್ನುವುದಿಲ್ಲ. ಇಂದಿನ ಕಿವಿಗೆ ಅದು ಹೂವಿನ ಹಾರವೇ. ‘ಚೌಕಟ್ಟು’ ಅನ್ನುತ್ತೇನೆ. ಮನೆಯ ಕಿಟಕಿ ನೋಡಿ. ಕದ ಕೂರುವುದು ಚೌಕಟ್ಟಿಗೆ ಬಡಿದ ತಿರುಗಣಿಯ ಮೇಲೆ. ಚಿಲಕ ಸಿಕ್ಕಿಕೊಳ್ಳುವುದೂ ಅಲ್ಲೇ. ಚೌಕಟ್ಟು ಕಿತ್ತರೆ ತೆರೆಯುವ, ಮುಚ್ಚುವ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ‘ಫ್ರೇಮ್’ ಎಂದೇ ಬಿಡಬಹುದಲ್ಲ ಅಂತ ಕೇಳುತ್ತಾರೆ. ಅದು ಇನ್ನೂ ಗೋಜಲು. ಜಾವಾ ಭಾಷೆಯಲ್ಲಿ ಫ್ರೇಮ್ ಅಂದರೆ ಇಡೀ ವಿಂಡೋ. ಪೈಥಾನ್‌ನಲ್ಲಿ ವಿಂಡೋ ಮಾಡಲು ಬಳಸುವ ಟಿಕೆ (Tk) ಎಂಬ ಸಲಕರಣೆಯಲ್ಲಿ ಫ್ರೇಮ್ ಅಂದರೆ ವಿಂಡೋ ಒಳಗಿನ ಒಂದು ಡಬ್ಬಿ. ಅಂಥದ್ದೇ ಇನ್ನೊಂದು ಸಲಕರಣೆ ಕ್ಯೂಟಿಯಲ್ಲಿ (Qt) ‘ಫ್ರೇಮ್‌ಲೆಸ್’ ಅಂದಾಗ ಮಾತ್ರ ಅದು ಹೊರಗಿನ ಅಂಚು.

ಇನ್ನು ಚೌಕಟ್ಟು ಹಾಕುವವರು ಯಾರು? ಎಲ್ಲ ಎಡವಟ್ಟು ಇಲ್ಲಿಂದಲೇ ಶುರು. ಲಿನಕ್ಸ್‌ನಲ್ಲಿ ವಿಂಡೋಗಳನ್ನು ತೆರೆಗೆ ತರುವ, 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ನಿಮ್ಮ ಪ್ರೋಗ್ರಾಂಗೆ ಕೊಡುವುದು ಬರೀ ಒಂದು ಆಯತ. ಟೈಟಲ್ ಬಾರ್ ಹೇಗಿರಬೇಕು ಅನ್ನುವುದು ಅದಕ್ಕೆ ಸಂಬಂಧವಿಲ್ಲ. ಅದನ್ನು ನೋಡಿಕೊಳ್ಳಲು ವಿಂಡೋ ಮ್ಯಾನೇಜರ್ ಎಂಬ ಬೇರೆಯೇ ಪ್ರೋಗ್ರಾಂ ಓಡುತ್ತಿರುತ್ತದೆ. “ನನ್ನನ್ನು ತೋರಿಸು” ಎಂದು ನಿಮ್ಮ ವಿಂಡೋ ಕೇಳಿದಾಗ ಆ ಕೋರಿಕೆ ಮೊದಲು ಮ್ಯಾನೇಜರ್ ಕಡೆ ತಿರುಗುತ್ತದೆ. ಅದು ಸ್ವಲ್ಪ ದೊಡ್ಡದಾದ ಇನ್ನೊಂದು ವಿಂಡೋ ಮಾಡಿ, ನಿಮ್ಮದನ್ನು ಅದರೊಳಗೆ ಕೂರಿಸುತ್ತದೆ. ನೀವು ನೋಡುವ ಅಂಚು ಆ ಹೊರಗಿನ ವಿಂಡೋದ್ದು. “ನನಗೆ ಚೌಕಟ್ಟು ಬೇಡ” ಎಂದು ನಿಮ್ಮ ಪ್ರೋಗ್ರಾಂ ಸೂಚನೆ ಕೊಡಬಹುದು. ಕೇಳುವುದು ಬಿಡುವುದು ಮ್ಯಾನೇಜರ್ ಇಷ್ಟ.

ಹುಡುಗ ಬಳಸಿದ್ದು ಟಿಕೆಯ ‘ಓವರ್‌ರೀಡೈರೆಕ್ಟ್’. ಹೆಸರನ್ನು ನಿಧಾನವಾಗಿ ಓದಿದರೆ ಸಾಕು. ಆ ತಿರುಗಿಸುವಿಕೆಯನ್ನೇ ಮೀರಿ ಹೋಗು ಅಂತ ಅರ್ಥ. ಆಗ ಮ್ಯಾನೇಜರ್ ಆ ವಿಂಡೋವನ್ನು ತನ್ನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚೌಕಟ್ಟು ಇಲ್ಲ, ಟಾಸ್ಕ್‌ಬಾರ್‌ನಲ್ಲಿ ಹೆಸರಿಲ್ಲ, ಎಷ್ಟೋ ಸಲ ಕೀಬೋರ್ಡ್ ಒತ್ತಿದ್ದೂ ಅದಕ್ಕೆ ತಲುಪುವುದಿಲ್ಲ. ಕ್ಷಣಕಾಲ ಮೂಡಿ ಮಾಯವಾಗುವ ಮೆನು, ಟೂಲ್‌ಟಿಪ್‌ಗಳಿಗೆ ಇಟ್ಟ ಸೌಲಭ್ಯ ಅದು. ದಿನವಿಡೀ ಕೂರುವ ಗಡಿಯಾರಕ್ಕಲ್ಲ. ಇದನ್ನು “ಬಾರ್ಡರ್ ತೆಗೆಯುವ ಆಜ್ಞೆ” ಎಂದು ಕಲಿಸುವವರು ದಯವಿಟ್ಟು ನಿಲ್ಲಿಸಬೇಕು.

ಜಾವಾದ ವಿಂಡೋ ಸಲಕರಣೆ ಸ್ವಿಂಗ್‌ನಲ್ಲಿ ಹೆಸರು ನೇರವಾಗಿದೆ, ‘ಸೆಟ್‌ಅನ್‌ಡೆಕೊರೇಟೆಡ್’. ವಿಂಡೋ ತೆರೆ ಮೇಲೆ ಬರುವ ಮುಂಚೆ ಕರೆಯಬೇಕು, ಬಂದ ಮೇಲೆ ಕರೆದರೆ ಎಕ್ಸೆಪ್ಷನ್, ಅಂದರೆ ದೋಷ. ಕ್ಯೂಟಿಯಲ್ಲಿ ವಿಂಡೋ ತೆರೆದಿರುವಾಗಲೇ ಫ್ಲ್ಯಾಗ್ (ಚೌಕಟ್ಟು ಬೇಕೋ ಬೇಡವೋ ಎನ್ನುವ ಗುರುತು) ಬದಲಿಸಿದರೆ ವಿಂಡೋ ಮರೆಯಾಗುತ್ತದೆ, ಮತ್ತೆ ‘ಶೋ’ ಕರೆಯಬೇಕು. ಕೈಪಿಡಿಯಲ್ಲೇ ಬರೆದಿದೆ, ಆದರೂ ಬಗ್ ಅಂತ ದೂರು ಕೊಡುವವರು ಜಾಸ್ತಿ.

ಚೌಕಟ್ಟು ಹೊರಗಿನದು ಅನ್ನುವುದು ಮರೆತರೆ ಅಳತೆಯೂ ಕೆಡುತ್ತದೆ. ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ವಿಂಡೋ ಮಾಡುವ ಆಜ್ಞೆಗಳ ಗುಂಪಾದ ವಿನ್32ರಲ್ಲಿ 800 ಪಿಕ್ಸೆಲ್ ಅಗಲ, 600 ಎತ್ತರ ಕೇಳಿ ಸಾಮಾನ್ಯ ವಿಂಡೋ ಮಾಡಿದರೆ ಚೌಕಟ್ಟೂ ಅದರಲ್ಲೇ ಸೇರುತ್ತದೆ. ಬರೆಯುವ ಜಾಗ ಅದಕ್ಕಿಂತ ಕಡಿಮೆ. ಒಳಜಾಗವೇ 800 ಬೇಕಿದ್ದರೆ ‘ಅಡ್ಜಸ್ಟ್‌ವಿಂಡೋರೆಕ್ಟ್’ನಿಂದ ಲೆಕ್ಕ ಹಾಕಿ ಕೇಳಬೇಕು. ಕ್ಯೂಟಿಯಲ್ಲಿ ವಿಂಡೋ ಇರುವ ಜಾಗವನ್ನು ‘ಜಿಯೊಮೆಟ್ರಿ’ ಚೌಕಟ್ಟನ್ನು ಬಿಟ್ಟು ಹೇಳುತ್ತದೆ, ವಿಂಡೋವನ್ನು ಜರುಗಿಸುವ ‘ಮೂವ್’ ಚೌಕಟ್ಟನ್ನು ಸೇರಿಸಿ ಕೂರಿಸುತ್ತದೆ. ಒಬ್ಬರ ಪ್ರೋಗ್ರಾಂನಲ್ಲಿ ವಿಂಡೋ ಪ್ರತಿ ಸಲ ತೆರೆದಾಗಲೂ ಸ್ವಲ್ಪ ಕೆಳಗಿಳಿಯುತ್ತಿತ್ತು. ಸ್ಕೇಲ್ ಹಿಡಿದು ಅಳೆದಂತೆ ನೋಡಿದೆವು. ಸರಿಯಾಗಿ ಒಂದು ಟೈಟಲ್ ಬಾರ್‌ನಷ್ಟು! ಮುಚ್ಚುವಾಗ ಜಿಯೊಮೆಟ್ರಿಯ ಜಾಗ ಬರೆದಿಟ್ಟು, ತೆರೆಯುವಾಗ ಅದನ್ನೇ ಮೂವ್‌ಗೆ ಕೊಟ್ಟಿದ್ದರು. ಚೌಕಟ್ಟನ್ನು ಸೇರಿಸಿ ಹೇಳುವ ‘ಪೊಸಿಷನ್’ ಬರೆದಿಟ್ಟುಕೊಂಡ ಮೇಲೆ ನಿಂತಿತು.

ಈಚಿನ ಬೆಳವಣಿಗೆ ಒಂದಿದೆ. ಟಿಕೆ, ಕ್ಯೂಟಿಗಳಂಥ ಇನ್ನೊಂದು ಸಲಕರಣೆ ಜಿಟಿಕೆಯ (GTK) 2013ರ 3.10 ಆವೃತ್ತಿಯಲ್ಲಿ ಹೆಡರ್ ಬಾರ್ ಬಂತು. ಅಲ್ಲಿ ಟೈಟಲ್ ಬಾರ್ ಬರೆಯುವುದು ಪ್ರೋಗ್ರಾಂ ತಾನೇ. ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಮೇಲೆ, ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್ ತಾನಾಗಿ ಪ್ರೋಗ್ರಾಂಗಳಿಗೆ ಚೌಕಟ್ಟು ಹಾಕಿಕೊಡುವುದಿಲ್ಲ, ಅವೇ ಹಾಕಿಕೊಳ್ಳಬೇಕು. ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ, ಕೇಳಿದವರಿಗೆ ಹಾಕಿಕೊಡುತ್ತದೆ. ಬರೆಯುವವರು ಬದಲಾದರೂ ಎಳೆಯುವ, ಮುಚ್ಚುವ ಕೆಲಸ ಬದಲಾಗಿಲ್ಲ, ಆದ್ದರಿಂದ ಪದದ ಅರ್ಥವೂ ಹಾಗೇ ಉಳಿದಿದೆ. ಪೂರ್ಣ ಪರದೆ ಮತ್ತು ಪಾರದರ್ಶಕತೆ ಬೇರೆ ಬೇರೆ ಗುಣಗಳು, ಅವನ್ನು ಇದರ ಜೊತೆ ಬೆರೆಸಬೇಡಿ.

ಗಡಿಯಾರದ ಕೋಡ್‌ನಲ್ಲಿ ಓವರ್‌ರೀಡೈರೆಕ್ಟ್ ಸಾಲು ಅಳಿಸಿದೆವು. ವಿಂಡೋದ ಬಗೆ ‘ಸ್ಪ್ಲಾಶ್’ (ಪ್ರೋಗ್ರಾಂ ಶುರುವಾಗುವಾಗ ಮೂಡುವ ಚಿತ್ರದಂಥದ್ದು) ಎಂದು ಮ್ಯಾನೇಜರ್‌ಗೆ ತಿಳಿಸಿದೆವು, ಚೌಕಟ್ಟು ಬರಲಿಲ್ಲ. ಮೌಸ್ ಒತ್ತಿದ ಜಾಗ ನೆನಪಿಟ್ಟು, ಎಳೆದಷ್ಟು ವಿಂಡೋ ಜರುಗಿಸುವ ಎರಡು ಪುಟ್ಟ ಫಂಕ್ಷನ್ ಸೇರಿಸಿದೆವು. ಬಲ ಗುಂಡಿ ಒತ್ತಿದರೆ ‘ಮುಚ್ಚು’ ಎಂಬ ಮೆನು ಬರುವ ಹಾಗೆ ಅವನೇ ಬರೆದ.