ಪುಣೆಯ ಟೇಕಡಿಗೆ ಪುಲಾಸ್ಕಿ ಬೇಕೇ?

ಪ್ರಶ್ನೆ: ನಾವು ಕೊಥರೂಡ್ ಕಡೆಯ ಹತ್ತು ಜನ ಕನ್ನಡಿಗರು. ಭಾನುವಾರ ಟೇಕಡಿ (ಗುಡ್ಡ) ಹತ್ತಿ ಸಸಿ ನೋಡಿಕೊಳ್ಳುತ್ತೇವೆ, ಕಾಲುದಾರಿ ಸರಿಪಡಿಸುತ್ತೇವೆ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ಸಸಿಗಳು ಸುಟ್ಟುಹೋಗುತ್ತವೆ. ಅಮೆರಿಕದ ಪುಲಾಸ್ಕಿ ತರಿಸೋಣ ಅಂತ ಒಬ್ಬರ ಹಟ. ಯಾವ ಹತಾರ ಕೊಳ್ಳಬೇಕು?

ಉತ್ತರ: ಪುಲಾಸ್ಕಿ ಬೇಡ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಅಡ್ಡಬಾಯಿಯ ಗುದ್ದಲಿ ಇರುವ ಹತಾರ ಅದು. 1910ರ ಐಡಾಹೋ ಕಾಳ್ಗಿಚ್ಚಿನಲ್ಲಿ ತನ್ನ ತಂಡದ ಬಹುಪಾಲು ಜನರನ್ನು ಗಣಿಯ ಸುರಂಗಕ್ಕೆ ನುಗ್ಗಿಸಿ ಉಳಿಸಿದ ಎಡ್ ಪುಲಾಸ್ಕಿಯ ಹೆಸರು ಅದಕ್ಕಿದೆ. ಬೇರು ತುಂಬಿದ ಕಾಡುಮಣ್ಣಿಗೆ ಅದು ಸರಿ. ನಿಮ್ಮ ಟೇಕಡಿಯಲ್ಲಿ ಇರುವುದು ತೆಳ್ಳನೆ ಮುರುಮು (ಗರಸು ಮಣ್ಣು), ಅದರಡಿ ಕರಿಕಲ್ಲು. ನಾಲ್ಕು ಏಟಿಗೆ ಕೊಡಲಿಯ ಬಾಯಿ ಗರಗಸವಾಗುತ್ತದೆ. ಅಲ್ಲದೆ ಅಲ್ಲಿ ಉರಿಯುವುದು ಒಣಹುಲ್ಲು ಮತ್ತು ಗ್ಲಿರಿಸಿಡಿಯಾ ಮರದ ತರಗು. ಕಡಿಯುವ ಕೆಲಸ ಕಡಿಮೆ, ಗೋರುವ ಕೆಲಸ ಹೆಚ್ಚು.

ಹತ್ತು ಜನಕ್ಕೆ ಕಬ್ಬಿಣದ ಹಲ್ಲಿನ ದಂತಾಳ 4, ಅಗಲ ಬಾಯಿಯ ಗುದ್ದಲಿ 2, ಪಿಕಾಸಿ 1, ಕುಡುಗೋಲು 3, ಬೆಂಕಿ ಬಡಿಯುವ ರಬ್ಬರ್ ಪಟ್ಟಿ 4 ಸಾಕು. ರವಿವಾರ ಪೇಠದ ಬೋಹರಿ ಆಳಿಯಲ್ಲಿ ಕೇಳುವಾಗ ಒಂದು ಎಚ್ಚರಿಕೆ: ಗುದ್ದಲಿಯೇ ಇರಬೇಕು ಅಂದುಕೊಂಡು 'ಕುದಳ' ಕೇಳಿದರೆ ಪಿಕಾಸಿ ಕೊಡುತ್ತಾರೆ. ನಿಮಗೆ ಬೇಕಾದ್ದು 'ಫಾವಡೆ'. ಮಚ್ಚಿನಂಥ ಕೊಯ್ತಾ ಬಿಟ್ಟುಬಿಡಿ, ಈಗಿನ ಪುಣೆಯಲ್ಲಿ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿದರೆ ಪೊಲೀಸರಿಗೆ ಉತ್ತರ ಹೇಳುವುದೇ ಕೆಲಸವಾಗುತ್ತದೆ.

ಬಡಿಯುವ ಪಟ್ಟಿಯನ್ನು ನೀವೇ ಮಾಡಿಕೊಳ್ಳಿ. ಲಾರಿಯ ಹಳೆ ಮಡ್‌ಫ್ಲ್ಯಾಪಿನಿಂದ 30×40 ಸೆಂ.ಮೀ. ತುಂಡು, ಐದಡಿ ಕೋಲು, ಎರಡು ಬೋಲ್ಟು, ಅಗಲ ವಾಷರು. ಮೊಳೆ ಹೊಡೆದರೆ ಹತ್ತನೇ ಏಟಿಗೆ ರಬ್ಬರ್ ಹರಿದುಕೊಂಡು ಹೋಗುತ್ತದೆ. ಇದನ್ನು ಒಗೆಯುವ ಬಟ್ಟೆಯ ಹಾಗೆ ಎತ್ತೆತ್ತಿ ಬಡಿಯಬಾರದು, ಕಿಡಿ ಹಾರಿ ಹಿಂದಿನ ಹುಲ್ಲು ಹತ್ತಿಕೊಳ್ಳುತ್ತದೆ. ಉರಿಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಿರಿ. ಸುಟ್ಟುಹೋದ ನೆಲದ ಕಡೆಯಿಂದ, ಬೆಂಕಿಯ ಪಕ್ಕೆ ಹಿಡಿದು ಮುಂದೆ ಸಾಗಬೇಕು. ಎದುರಿಗೆ ಹೋಗಿ ನಿಲ್ಲಬಾರದು, ಅದರಲ್ಲೂ ಏರಿನ ಮೇಲ್ಗಡೆ. ಮೈಮೇಲೆ ದಪ್ಪ ಹತ್ತಿ ಬಟ್ಟೆ ಇರಲಿ, ಜಿಮ್ಮಿನ ಟೀ ಶರ್ಟು ಕರಗಿ ಚರ್ಮಕ್ಕೆ ಅಂಟುತ್ತದೆ.

ಹತಾರ ಕೈಕೊಡುವುದು ಹೆಚ್ಚಾಗಿ ಕಾವಿನಲ್ಲಿ, ಅಂದರೆ ಮರದ ಹಿಡಿಯಲ್ಲಿ. ಏಪ್ರಿಲ್ ಒಣಹವೆಗೆ ಮರ ಕುಗ್ಗಿ ತಲೆ ಅಲ್ಲಾಡತೊಡಗುತ್ತದೆ. ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಕೆಟ್ಟ ಉಪಾಯ. ಉಬ್ಬಿದ ಮರದ ನಾರು ಕಬ್ಬಿಣದ ಕಣ್ಣಿನೊಳಗೆ ಜಜ್ಜಿಹೋಗಿ, ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ. ಬೆಣೆ ಹೊಡೆಯಿರಿ, ಕಾವಿಗೆ ಅಗಸೆ ಎಣ್ಣೆ ತಿಕ್ಕಿ. ಕೊಳ್ಳುವಾಗ ಕಾವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ: ಮರದ ಎಳೆ ಉದ್ದಕ್ಕೂ ಓಡಿರಬೇಕು, ಓರೆಯಾಗಿ ಪಕ್ಕಕ್ಕೆ ಹೋಗಿದ್ದರೆ ಅಲ್ಲೇ ಮುರಿಯುತ್ತದೆ. ಬಾಯಿ ಹರಿತ ಮಾಡಲು ಅರವೇ ಸಾಕು. ಗ್ರೈಂಡರಿಗೆ ಕೊಟ್ಟು ಅಂಚು ನೀಲಿಯಾದರೆ ಹದ ಹೋಯಿತೆಂದೇ ಲೆಕ್ಕ.

ನಿಜವಾದ ಕೆಲಸ ಬೆಂಕಿ ಬರುವ ಮುಂಚೆಯೇ, ಜನವರಿಯೊಳಗೆ. ಮರಾಠಿಯಲ್ಲಿ ಜಾಳರೇಷಾ ಎನ್ನುವ ಬೆಂಕಿ ರೇಖೆಯನ್ನು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ತೆಗೆಯಿರಿ. ಬೆಂಕಿ ಏರಿನತ್ತ ಓಡುವುದರಿಂದ ರೇಖೆ ಮೊದಲು ಸಸಿಗಳ ಕೆಳಗಡೆ ಬರಬೇಕು. ಹುಲ್ಲಿನ ಎತ್ತರದ ಒಂದೂವರೆ ಪಟ್ಟು ಅಗಲ ಕನಿಷ್ಠ; ಇಳಿಜಾರು, ಗಾಳಿ ಎರಡೂ ಇರುವ ಟೇಕಡಿಯಲ್ಲಿ ಎರಡು ಮೀಟರ್ ಮಾಡಿ. ಕೊಯ್ದು, ದಂತಾಳದಿಂದ ದೂರಕ್ಕೆ ಗೋರಿ, ಗುದ್ದಲಿಯಿಂದ ಮುರುಮು ಕಾಣುವವರೆಗೆ ಕೆರೆಯಿರಿ. ಗೋರಿದ ಹುಲ್ಲನ್ನು ಅಂಚಿನಲ್ಲೇ ಗುಡ್ಡೆ ಹಾಕಿದರೆ ಬೆಂಕಿಗೆ ಸೇತುವೆ ಕಟ್ಟಿದಂತೆ. ನೆಟ್ಟಗೆ ಇಳಿಯುವ ಕಡೆ ಮಾತ್ರ ಕೆರೆಯಬೇಡಿ, ಬೇರು ಬಿಟ್ಟು ಬರೀ ಕೊಯ್ಯಿರಿ. ಕೆರೆದ ಗೆರೆ ಜುಲೈ ಮಳೆಗೆ ಕೊರಕಲಾಗುತ್ತದೆ.

ಕಾಲುದಾರಿಗೂ ಇದೇ ಗುದ್ದಲಿ. ಎರಡಡಿ ಅಗಲದ ದಾರಿಯ ಹೊರ ಅಂಚು ಒಳ ಅಂಚಿಗಿಂತ ಒಂದಿಂಚು ತಗ್ಗಿದ್ದರೆ ನೀರು ಅಡ್ಡಹಾಯ್ದು ಹೋಗುತ್ತದೆ.

ನಡೆಯುವಾಗ ಹತಾರ ಹೆಗಲ ಮೇಲೆ ಬೇಡ. ಇಳಿಜಾರಿನ ಕಡೆಯ ಕೈಯಲ್ಲಿ, ಬಾಯಿ ಕೆಳಗೆ. ಜಾರಿದರೆ ಬಿಸಾಡಲು ಬರಬೇಕು. ಒಬ್ಬರಿಗೂ ಇನ್ನೊಬ್ಬರಿಗೂ ಹತ್ತಡಿ ಅಂತರ. ಉರಿ ಸೊಂಟದ ಮಟ್ಟ ದಾಟಿದ್ದರೆ ಪಟ್ಟಿ ಕೆಳಗಿಟ್ಟು ಸುಟ್ಟ ನೆಲದ ಕಡೆ ಸರಿದು, ಅರಣ್ಯ ಇಲಾಖೆಯ 1926ಕ್ಕೋ ಅಗ್ನಿಶಾಮಕದ 101ಕ್ಕೋ ಫೋನ್ ಮಾಡಿ.