ಪರ್ಸಿವಲ್ ಎವರೆಟ್: ನಾಲ್ಕು ದಶಕಗಳ ಬರವಣಿಗೆ, ತಡವಾಗಿ ಬಂದ ಮನ್ನಣೆ

ಅಮೆರಿಕದ ಕಪ್ಪು ಜನಾಂಗದ ಕಾದಂಬರಿಕಾರ ಪರ್ಸಿವಲ್ ಎವರೆಟ್ ಅವರ ‘ಇರೇಶರ್’ ಕಾದಂಬರಿಯನ್ನು ಆಧರಿಸಿದ ‘ಅಮೆರಿಕನ್ ಫಿಕ್ಷನ್’ ಚಿತ್ರದ ಚಿತ್ರಕಥೆಗೆ 2024ರ ಮಾರ್ಚ್‌ನಲ್ಲಿ ಆಸ್ಕರ್ ಬಂತು. ಅದೇ ವರ್ಷ ಅವರ ‘ಜೇಮ್ಸ್’ ಕಾದಂಬರಿಗೆ ನ್ಯಾಷನಲ್ ಬುಕ್ ಅವಾರ್ಡ್, 2025ರಲ್ಲಿ ಪುಲಿಟ್ಜರ್ ದೊರೆತವು. ಈ ಸುದ್ದಿಗಳಿಂದಲೇ ಅವರ ಹೆಸರು ಕೇಳಿದವರಿಗೆ ಅವರು 1983ರಿಂದ ಬಹುತೇಕ ಬಿಡುವಿಲ್ಲದೆ ಬರೆಯುತ್ತ ಬಂದವರೆಂಬುದು ಹೊಳೆಯುವುದು ಕಷ್ಟ.

1956ರಲ್ಲಿ ಜಾರ್ಜಿಯಾದ ಫೋರ್ಟ್ ಗಾರ್ಡನ್ ಸೇನಾ ನೆಲೆಯಲ್ಲಿ ಹುಟ್ಟಿದ ಎವರೆಟ್, ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ಬೆಳೆದು, ತತ್ತ್ವಶಾಸ್ತ್ರ ಓದಿ, ಬ್ರೌನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮೊದಲ ಕಾದಂಬರಿ ‘ಸೂಡರ್’ ಲಯ ತಪ್ಪಿದ ಬೇಸ್‌ಬಾಲ್ ಆಟಗಾರನೊಬ್ಬನ ಕಥೆ. ಮುಂದೆ ಅವರು ಗ್ರೀಕ್ ಪುರಾಣದ ನಾಯಕಿ ಮೀಡಿಯಾ, ದೇವರು ಡಯೊನೈಸಸ್‌ರನ್ನೂ ಪಶ್ಚಿಮ ಅಮೆರಿಕದ ಕುದುರೆ ಸವಾರರನ್ನೂ ಬರೆದರು. ವರ್ಣಭೇದ ಅವರನ್ನು ತಟ್ಟಲಿಲ್ಲವೆಂದು ಇದರಿಂದ ತಿಳಿಯಬಾರದು: 1989ರಲ್ಲಿ ದಕ್ಷಿಣ ಕೆರೊಲಿನಾದ ಶಾಸನಸಭೆಯಲ್ಲಿ ಮಾತನಾಡಲು ಆಹ್ವಾನಿತರಾಗಿದ್ದ ಅವರು, ಅಲ್ಲಿ ಹಾರುತ್ತಿದ್ದ ಕಾನ್ಫೆಡರೇಟ್ ಧ್ವಜವನ್ನು (ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳ ಧ್ವಜ) ವಿರೋಧಿಸಿ ಭಾಷಣವನ್ನು ಅರ್ಧಕ್ಕೇ ನಿಲ್ಲಿಸಿದರು. ಆ ಧ್ವಜ ಗುಮ್ಮಟದಿಂದ ಇಳಿದದ್ದು 2000ದಲ್ಲಿ, ಆವರಣದಿಂದಲೇ ತೆರವಾದದ್ದು 2015ರಲ್ಲಿ.

ಆದರೆ ಕಪ್ಪು ಜನಾಂಗದ ಲೇಖಕನಿಂದ ಪುಸ್ತಕ ಮಾರುಕಟ್ಟೆ ಬಯಸುತ್ತಿದ್ದುದು ಬಡತನ, ಹಿಂಸೆ, ಗುಲಾಮಗಿರಿಗಳ ಕಥೆಯನ್ನು. ಈ ನಿರೀಕ್ಷೆಯನ್ನೇ ವಸ್ತುವಾಗಿಸಿಕೊಂಡ ‘ಇರೇಶರ್’ 2001ರಲ್ಲಿ ಪ್ರಕಟವಾಯಿತು. ಅದನ್ನು ಹೊರತಂದದ್ದೂ ದೊಡ್ಡ ವಾಣಿಜ್ಯ ಸಂಸ್ಥೆಯಲ್ಲ, ಒಂದು ವಿಶ್ವವಿದ್ಯಾಲಯ ಪ್ರಕಾಶನ. ಕಥಾನಾಯಕ ಮಂಕ್ ಎಲಿಸನ್ ಸಾಹಿತ್ಯದ ಪ್ರಾಧ್ಯಾಪಕ, ಗ್ರೀಕ್ ನಾಟಕಗಳನ್ನು ಮರುಕಥನ ಮಾಡುವ ಕಾದಂಬರಿಕಾರ. ಪುಸ್ತಕದಂಗಡಿಯಲ್ಲಿ ಅವನ ಕೃತಿಗಳು ಸಿಗುವುದು ಆಫ್ರಿಕನ್ ಅಮೆರಿಕನ್ ಅಧ್ಯಯನದ ಕಪಾಟಿನಲ್ಲಿ. ಅವುಗಳಿಗೂ ಆ ವಿಷಯಕ್ಕೂ ಇರುವ ಸಂಬಂಧವೆಂದರೆ ಮುಖಪುಟದ ಒಳಗಿನ ಲೇಖಕನ ಭಾವಚಿತ್ರ ಮಾತ್ರ. ರೋಸಿಹೋದ ಅವನು ಸುಳ್ಳು ಹೆಸರಿನಲ್ಲಿ, ಮಾರುಕಟ್ಟೆ ಕೇಳುವಂಥದ್ದೇ ಒಂದು ಕೊಳೆಗೇರಿ ಕಥೆಯನ್ನು ಅಣಕವಾಗಿ ಬರೆಯುತ್ತಾನೆ. ಯಾರೂ ಅದನ್ನು ಅಣಕವೆಂದು ಗುರುತಿಸುವುದಿಲ್ಲ. ಅದಕ್ಕೆ ಅಪಾರ ಹಣ, ಕೊನೆಗೆ ಪ್ರಶಸ್ತಿಯೂ ಬರುತ್ತದೆ. ಅಣಕದ ಕಾದಂಬರಿಯನ್ನು ಎವರೆಟ್ ಪೂರ್ತಿಯಾಗಿ ಒಳಗೇ ಅಚ್ಚು ಮಾಡಿದ್ದಾರೆ. ಓದುಗನೂ ಅದನ್ನು ಓದಿ, ತನಗೆ ಅದು ಎಲ್ಲಿ ಇಷ್ಟವಾಯಿತೆಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಈ ಕೃತಿಯ ನಿಜವಾದ ಧೈರ್ಯವಿರುವುದು ಇಲ್ಲಿಯೇ.

1990ರ ದಶಕದ ನಡುವಿನಿಂದ ಎರಡೂವರೆ ದಶಕ ಕಾಲ ಎವರೆಟ್ ಅವರ ಹೆಚ್ಚಿನ ಪುಸ್ತಕಗಳನ್ನು ಪ್ರಕಟಿಸಿದ್ದು ಮಿನಿಯಾಪೊಲಿಸ್‌ನ ಲಾಭರಹಿತ ಸಂಸ್ಥೆ ಗ್ರೇವುಲ್ಫ್ ಪ್ರೆಸ್. ಇಂಥದೊಂದು ಸಣ್ಣ ಸಂಸ್ಥೆಯ ತಾಳ್ಮೆಯಿಲ್ಲದಿದ್ದರೆ ಒಂದೊಂದು ಸಲ ಒಂದೊಂದು ದಾರಿ ಹಿಡಿಯುವ ಈ ಲೇಖಕನ ಬರವಣಿಗೆ ಹೀಗೆ ಮುಂದುವರಿಯುತ್ತಿತ್ತೆಂದು ನಂಬುವುದು ಕಷ್ಟ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರಿಂದ ಕೊಲೆಯಾದ ಕಪ್ಪು ಬಾಲಕ ಎಮೆಟ್ ಟಿಲ್‌ನ ನೆನಪು ಆವರಿಸಿರುವ ‘ದ ಟ್ರೀಸ್’ 2022ರಲ್ಲಿ ಬುಕರ್ ಅಂತಿಮ ಪಟ್ಟಿ ತಲುಪಿದಾಗಲೂ ಬ್ರಿಟನ್ನಿನಲ್ಲಿ ಅದರ ಪ್ರಕಾಶಕರು ಲಂಡನ್ನಿನ ಪುಟ್ಟ ಸಂಸ್ಥೆ ಇನ್‌ಫ್ಲಕ್ಸ್ ಪ್ರೆಸ್.

ಮಾರ್ಕ್ ಟ್ವೇನ್ ಅವರ ಹಕಲ್‌ಬೆರಿ ಫಿನ್ ಕಥೆಯನ್ನು ಗುಲಾಮ ಜಿಮ್‌ನ ಬಾಯಿಂದ ಹೇಳಿಸುವ ‘ಜೇಮ್ಸ್’ ಗಟ್ಟಿಯಾದ ಕೃತಿ. ಅದಕ್ಕೆ ಸಂದ ಗೌರವ ನ್ಯಾಯವಾದುದೇ. ಆದರೂ ಅತಿ ದೊಡ್ಡ ಮನ್ನಣೆ ಗುಲಾಮಗಿರಿಯ ಕಥೆಗೇ ಬಂದಿರುವಾಗ ‘ಇರೇಶರ್’ ಎತ್ತಿದ ಪ್ರಶ್ನೆ ಬಗೆಹರಿಯಿತೆನ್ನಲಾಗದು. ಗುಣವಾಗದ ಕಾಯಿಲೆಯ ಮಗಳನ್ನು ಕಳೆದುಕೊಳ್ಳುತ್ತಿರುವ ವಿಜ್ಞಾನಿ ತಂದೆಯ ಕಥೆ ‘ಟೆಲಿಫೋನ್’ 2020ರಲ್ಲಿ, ಓದುಗರಿಗೆ ತಿಳಿಸದೆಯೇ, ಮೂರು ಬೇರೆ ಬೇರೆ ರೂಪಗಳಲ್ಲಿ ಅಚ್ಚಾಗಿತ್ತು. ಪುಲಿಟ್ಜರ್ ಅಂತಿಮ ಸುತ್ತಿನವರೆಗೂ ಹೋಗಿದ್ದ ಆ ಪುಸ್ತಕಕ್ಕೆ ‘ಜೇಮ್ಸ್’ ಪಡೆದ ಓದುಗರು ಇನ್ನೂ ದೊರೆತಿಲ್ಲ.